ಕಾಪಿ ಮಾಡುವ ಮೊದಲು ಹೊಣೆ ಯಾರದೆಂದು ಕೇಳಿಕೊಳ್ಳಿ

ಸಿ ಭಾಷೆಯಲ್ಲಿ ಕೆಲಸ ಶುರುಮಾಡಿರುವ ಕಿರಿಯ ಗೆಳೆಯರೇ, ನಿಮಗೊಂದು ಮಾತು ಹೇಳಬೇಕಿದೆ. ಜಾವಾದಲ್ಲೋ ಪೈಥಾನ್‌ನಲ್ಲೋ ಬೇಡವಾದ ಮೆಮೊರಿಯನ್ನು ತೆಗೆದುಹಾಕುವ ಕೆಲಸ ಭಾಷೆಯೇ ನೋಡಿಕೊಳ್ಳುತ್ತದೆ. ಸಿಯಲ್ಲಿ ಅದು ನಿಮ್ಮ ಕೆಲಸ. ಕೇಳಿ ಪಡೆದ ಮೆಮೊರಿಯನ್ನು ಹಿಂತಿರುಗಿಸಬೇಕು. ಒಂದೇ ಸಲ ಹಿಂತಿರುಗಿಸಬೇಕು. ಹಿಂತಿರುಗಿಸಿದ ಮೇಲೆ ಅದರ ತಂಟೆಗೆ ಹೋಗಬಾರದು. ಈ ಮೂರು ನಿಯಮಗಳು ಎಲ್ಲರಿಗೂ ಗೊತ್ತು. ಆದರೂ ಒಂದು ಲಿಸ್ಟನ್ನು ಕಾಪಿ ಮಾಡಿದ ಜಾಗದಲ್ಲೇ ಒಳ್ಳೊಳ್ಳೆಯ ಪ್ರೋಗ್ರಾಂಗಳು ಮುಗ್ಗರಿಸುತ್ತವೆ. ಯಾಕೆಂದರೆ, ಕಾಪಿ ಮಾಡಿದಾಗ ಏನು ಎರಡಾಯಿತು, ಏನು ಒಂದೇ ಆಗಿ ಉಳಿಯಿತು ಎಂಬುದು ಕೋಡ್ ನೋಡಿದರೆ ಕಾಣುವುದಿಲ್ಲ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಲೈಬ್ರರಿಯನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ: ಜಿಲಿಬ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1990ರ ದಶಕದಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆದರು. ಅದಕ್ಕಾಗಿ ಜಿಟಿಕೆ ಹುಟ್ಟಿತು. ಕಿಟಕಿ, ಬಟನ್‌ಗಳಿಗೆ ಸಂಬಂಧಪಡದ ಅದರ ಸಾಮಾನ್ಯ ಭಾಗ ಬೇರ್ಪಟ್ಟು ಜಿಲಿಬ್ ಆಯಿತು. ಇಂದು ಗ್ನೋಮ್, ಜಿಸ್ಟ್ರೀಮರ್, ನೆಟ್‌ವರ್ಕ್‌ಮ್ಯಾನೇಜರ್, ಕ್ಯೂಎಮು, ವೈರ್‌ಶಾರ್ಕ್ ಎಲ್ಲವೂ ಇದನ್ನು ನೆಚ್ಚಿಕೊಂಡಿವೆ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಐಬಸ್ ಕೂಡ ಜಿಲಿಬ್ ಮೇಲೆಯೇ ಕಟ್ಟಿದ್ದು.

ಜಿಲಿಬ್‌ನ ಜಿಲಿಸ್ಟ್ ಎಂಬುದು ಎರಡೂ ದಿಕ್ಕಿಗೆ ಕೊಂಡಿಯಿರುವ ಲಿಸ್ಟ್. ಅದರ ಒಂದೊಂದು ನೋಡ್‌ನಲ್ಲಿ ಇರುವುದು ಮೂರೇ ಪಾಯಿಂಟರ್: ಡೇಟಾ, ನೆಕ್ಸ್ಟ್, ಪ್ರೀವ್. 64 ಬಿಟ್ ಯಂತ್ರದಲ್ಲಿ ಒಟ್ಟು 24 ಬೈಟ್. ನಿಮ್ಮ ಡೇಟಾ ಆ ನೋಡ್‌ನ ಒಳಗೆ ಇರುವುದಿಲ್ಲ ಎಂಬುದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ನೋಡ್‌ನಲ್ಲಿರುವುದು ಡೇಟಾದ ವಿಳಾಸ ಮಾತ್ರ. ವಿಳಾಸ ಬರೆದಿಟ್ಟ ಪುಸ್ತಕವನ್ನು ನಕಲು ಮಾಡಿದರೆ ಊರಿನಲ್ಲಿ ಹೊಸ ಮನೆಗಳೇನೂ ಎದ್ದು ನಿಲ್ಲುವುದಿಲ್ಲ. ಜಿ_ಲಿಸ್ಟ್_ಕಾಪಿ ಮಾಡುವುದೂ ಇಷ್ಟನ್ನೇ.

ಹತ್ತಿರದಿಂದ ನೋಡೋಣ. ಹಾಸನ, ಮೈಸೂರು, ಮಂಡ್ಯ ಎಂಬ ಮೂರು ಊರಿನ ಹೆಸರುಗಳನ್ನು ಒಂದು ಲೂಪ್‌ನಲ್ಲಿ ಜಿ_ಸ್ಟ್ರ್‌ಡಪ್ ಮಾಡಿ, ಅಂದರೆ ಹೊಸ ಮೆಮೊರಿಯಲ್ಲಿ ನಕಲು ತೆಗೆದು, ಲಿಸ್ಟ್‌ಗೆ ಸೇರಿಸಿದ್ದೀರಿ ಎಂದುಕೊಳ್ಳಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹಾಸನ ಎಂಬುದು ಕಣ್ಣಿಗೆ ಮೂರಕ್ಷರವಾದರೂ ದೀರ್ಘದ ಗುರುತೂ ಸೇರಿ ನಾಲ್ಕು ಸಂಕೇತ. ಅಂದರೆ 12 ಬೈಟ್, ಕೊನೆಯ ಸೊನ್ನೆ ಸೇರಿದರೆ 13. ಇದೇ ಲೆಕ್ಕದಲ್ಲಿ ಮೈಸೂರು 19, ಮಂಡ್ಯ 16. ಮೂರೂ ಹೆಸರು ಸೇರಿ 48 ಬೈಟ್. ಮೂರು ನೋಡ್‌ಗಳಿಗೆ 72 ಬೈಟ್. ಈಗ ಜಿ_ಲಿಸ್ಟ್_ಕಾಪಿ ಕರೆಯಿರಿ. ಹೊಸದಾಗಿ ಮೂರು ನೋಡ್ ಬಂತು, ಇನ್ನೊಂದು 72 ಬೈಟ್. ಹೆಸರುಗಳು? ಅವೇ 48 ಬೈಟ್, ಅಲ್ಲಲ್ಲೇ. ಆರು ನೋಡ್‌ಗಳು ಮೂರೇ ಹೆಸರುಗಳತ್ತ ಬೆರಳು ತೋರಿಸುತ್ತಿವೆ.

ಮುಂದಿನ ಅನಾಹುತಗಳೆಲ್ಲ ಇಲ್ಲಿಂದಲೇ. ಎರಡು ಲಿಸ್ಟ್ ಇದೆಯಲ್ಲ ಎಂದು ಎರಡನ್ನೂ, ನೋಡ್‌ಗಳ ಜೊತೆ ಡೇಟಾವನ್ನೂ ಫ್ರೀ ಮಾಡುವ ಜಿ_ಲಿಸ್ಟ್_ಫ್ರೀ_ಫುಲ್‌ಗೆ ಕೊಟ್ಟರೆ ಪ್ರತಿ ಹೆಸರೂ ಎರಡು ಸಲ ಫ್ರೀ ಆಗುತ್ತದೆ. ಅದೃಷ್ಟವಿದ್ದರೆ ಡಬಲ್ ಫ್ರೀ ಎಂದು ದೂರಿ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಹೀಪ್ ಒಳಗೊಳಗೇ ಕೆಟ್ಟು, ಸಂಬಂಧವೇ ಇಲ್ಲದ ಇನ್ನಾವುದೋ ಫಂಕ್ಷನ್‌ನಲ್ಲಿ ಕ್ರ್ಯಾಶ್ ಆಗುತ್ತದೆ. ಮೂಲವನ್ನು ಮಾತ್ರ ಫ್ರೀ ಮಾಡಿ ಕಾಪಿಯನ್ನು ಓದುತ್ತಾ ಹೋದರೆ ಸತ್ತ ವಿಳಾಸವನ್ನು ಓದಿದಂತೆ. ಟೆಸ್ಟ್‌ನಲ್ಲಿ ಸರಿಯಾಗಿಯೇ ಕಾಣಿಸಿ ಗ್ರಾಹಕರ ಯಂತ್ರದಲ್ಲಿ ಕೈಕೊಡುತ್ತದೆ. ಇವೆರಡಕ್ಕೂ ಹೆದರಿ ಎರಡನ್ನೂ ಬರೀ ಜಿ_ಲಿಸ್ಟ್_ಫ್ರೀಗೆ ಕೊಟ್ಟರೆ ನೋಡ್‌ಗಳು ಹೋಗುತ್ತವೆ, ಹೆಸರುಗಳು ಹಾಗೇ ಉಳಿದು ಲೀಕ್ ಆಗುತ್ತವೆ. ವಾರಗಟ್ಟಲೆ ನಿಲ್ಲದೆ ಓಡುವ ಸರ್ವರ್‌ನಲ್ಲಿ ಇಂಥ ಲೀಕ್ ಸಣ್ಣದೆಂದು ಕಡೆಗಣಿಸುವಂತಿಲ್ಲ.

ಹಾಗೆಂದು ಮೇಲುಮೇಲಿನ ಕಾಪಿಯೇ ಕೆಟ್ಟದ್ದು ಎನ್ನಬೇಡಿ. ಮೂಲದ ಕ್ರಮ ಕದಲದಂತೆ ಅದೇ ದಾಖಲೆಗಳನ್ನು ಇನ್ನೊಂದು ಕ್ರಮದಲ್ಲಿ ತೋರಿಸಬೇಕಾದರೆ ಜಿ_ಲಿಸ್ಟ್_ಕಾಪಿ ಮಾಡಿ ಜಿ_ಲಿಸ್ಟ್_ಸಾರ್ಟ್ ಮಾಡುವುದೇ ಸರಿಯಾದ ದಾರಿ. ಸಾವಿರಾರು ದಾಖಲೆಗಳನ್ನು ಸುಮ್ಮನೆ ಎರಡು ಮಾಡುವ ಅಗತ್ಯವಿಲ್ಲ. ಶರತ್ತು ಇಷ್ಟೇ: ಡೇಟಾ ಮೂಲ ಲಿಸ್ಟ್‌ನದು, ಕಾಪಿ ಅದನ್ನು ನೋಡಲಷ್ಟೇ ಇರುವುದು. ಕಾಪಿಯ ಕೆಲಸ ಮೊದಲು ಮುಗಿಯಬೇಕು, ಅದಕ್ಕೆ ಜಿ_ಲಿಸ್ಟ್_ಫ್ರೀ ಸಾಕು. ಆಮೇಲೆ ಮೂಲಕ್ಕೆ ಜಿ_ಲಿಸ್ಟ್_ಫ್ರೀ_ಫುಲ್. ಕಾಪಿಯ ಮೂಲಕ ಡೇಟಾ ತಿದ್ದಿದರೆ ಮೂಲದಲ್ಲೂ ತಿದ್ದಿದಂತೆ ಎಂಬುದು ನೆನಪಿರಲಿ.

ಎರಡು ಲಿಸ್ಟ್‌ಗಳೂ ಒಂದಕ್ಕೊಂದು ಅಂಟಿಕೊಳ್ಳದೆ ಸ್ವತಂತ್ರವಾಗಿ ಬದುಕಬೇಕು ಎಂದಿದ್ದರೆ ಜಿಲಿಬ್ 2.34ರಲ್ಲಿ ಬಂದ ಜಿ_ಲಿಸ್ಟ್_ಕಾಪಿ_ಡೀಪ್ ಇದೆ. ಇದಕ್ಕೆ ಒಂದು ಫಂಕ್ಷನ್ ಕೊಡಬೇಕು. ಪ್ರತಿ ಡೇಟಾವನ್ನು ಹೇಗೆ ಎರಡು ಮಾಡಬೇಕೆಂದು ಆ ಫಂಕ್ಷನ್ ಹೇಳುತ್ತದೆ. ಊರಿನ ಹೆಸರುಗಳಾದರೆ ಒಳಗೆ ಜಿ_ಸ್ಟ್ರ್‌ಡಪ್ ಕರೆದರಾಯಿತು. ಇಲ್ಲೊಂದು ಸೂಕ್ಷ್ಮವಿದೆ. ಜಿ_ಲಿಸ್ಟ್_ಕಾಪಿ_ಡೀಪ್ ತನಗೆ ಕೊಟ್ಟ ಫಂಕ್ಷನ್ನಿಗೆ ಎರಡು ಆರ್ಗ್ಯುಮೆಂಟ್ ಕಳಿಸುತ್ತದೆ, ಜಿ_ಸ್ಟ್ರ್‌ಡಪ್ ತೆಗೆದುಕೊಳ್ಳುವುದು ಒಂದೇ. ಎಷ್ಟೋ ಜನ ಕಾಸ್ಟ್ ಹಾಕಿ ನೇರ ಅದನ್ನೇ ಕೊಡುತ್ತಾರೆ. ನಮ್ಮ ನಿಮ್ಮ ಮೇಜಿನ ಮೇಲಿನ ಯಂತ್ರಗಳಲ್ಲಿ ನಡೆದೂ ಹೋಗುತ್ತದೆ. ಆದರೆ ಸಿ ಭಾಷೆಯ ನಿಯಮ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ವೆಬ್‌ಅಸೆಂಬ್ಲಿಯಂಥ ಕಡೆ ಇಂಥ ಕರೆ ಅಲ್ಲೇ ನಿಂತುಬಿಡುತ್ತದೆ. ಎರಡು ಆರ್ಗ್ಯುಮೆಂಟ್ ತೆಗೆದುಕೊಂಡು ಒಳಗೆ ಜಿ_ಸ್ಟ್ರ್‌ಡಪ್ ಕರೆಯುವ ಪುಟ್ಟ ಫಂಕ್ಷನ್ ಬರೆಯಲು ನಾಲ್ಕು ಸಾಲು ಸಾಕು. ಬರೆದುಬಿಡಿ.

ಇನ್ನು ನಿಮ್ಮ ಡೇಟಾ ಒಂದು ಸ್ಟ್ರಕ್ಟ್ ಆಗಿದ್ದು, ಅದರೊಳಗೆ ಹೆಸರಿಗೆ, ವಿಳಾಸಕ್ಕೆ ಮತ್ತೆ ಪಾಯಿಂಟರ್‌ಗಳಿದ್ದರೆ? ಸ್ಟ್ರಕ್ಟನ್ನು ಬೈಟ್ ಬೈಟಾಗಿ ಎತ್ತಿ ಇಟ್ಟರೆ ಒಂದು ಮೆಟ್ಟಿಲು ಕೆಳಗೆ ಅದೇ ತಪ್ಪು ಮತ್ತೆ ನಡೆದಿರುತ್ತದೆ. ಡೀಪ್ ಎಂಬ ಹೆಸರು ಕೇಳಿ ಮರುಳಾಗಬೇಡಿ. ಎಷ್ಟು ಆಳಕ್ಕೆ ಹೋಗಬೇಕೆಂಬುದು ನೀವು ಕೊಡುವ ಫಂಕ್ಷನ್ನಿನ ಕೈಲಿದೆ. ಸ್ಟ್ರಕ್ಟ್ ಬರೆದ ದಿನವೇ ಅದಕ್ಕೊಂದು ಕಾಪಿ ಫಂಕ್ಷನ್, ಒಂದು ಫ್ರೀ ಫಂಕ್ಷನ್ ಅಕ್ಕಪಕ್ಕದಲ್ಲೇ ಬರೆದಿಡಿ. ನಾಳೆ ಹೊಸ ಫೀಲ್ಡ್ ಸೇರಿಸಿದವರಿಗೆ ಎರಡೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಬೈಟ್‌ಗಳನ್ನೇ ನಕಲು ಮಾಡಬೇಕಾದ ಕಡೆ ಹಳೆಯ ಜಿ_ಮೆಮ್‌ಡಪ್ ಬಿಟ್ಟು, 2.68ರಲ್ಲಿ ಬಂದ ಜಿ_ಮೆಮ್‌ಡಪ್2 ಬಳಸಿ. ಹಳೆಯದು ಅಳತೆಯನ್ನು 32 ಬಿಟ್‌ನಲ್ಲಿ ತೆಗೆದುಕೊಳ್ಳುತ್ತಿತ್ತು. ದೊಡ್ಡ ಅಳತೆ ಕೊಟ್ಟರೆ ತುದಿ ಕತ್ತರಿಸಿಹೋಗಿ ಭದ್ರತೆಗೇ ಧಕ್ಕೆ ಬರುತ್ತಿತ್ತು.

ಮೂರನೆಯ ದಾರಿ, ಹಂಚಿಕೊಂಡು ಲೆಕ್ಕ ಇಡುವುದು. ಡೇಟಾ, ರೆಫರೆನ್ಸ್ ಲೆಕ್ಕವಿರುವ ಜಿಆಬ್ಜೆಕ್ಟ್ ಆಗಿದ್ದರೆ ಅದನ್ನು ನಿಜವಾಗಿ ಎರಡು ಮಾಡಬೇಕಿಲ್ಲ. ಜಿ_ಲಿಸ್ಟ್_ಕಾಪಿ_ಡೀಪ್‌ಗೆ ಕೊಡುವ ಫಂಕ್ಷನ್ ಜಿ_ಆಬ್ಜೆಕ್ಟ್_ರೆಫ್ ಕರೆದರೆ ಪ್ರತಿ ವಸ್ತುವಿನ ರೆಫರೆನ್ಸ್ ಲೆಕ್ಕ ಒಂದು ಏರುತ್ತದೆ. ಕಾಪಿಯನ್ನು ಬಿಡುವಾಗ ಜಿ_ಲಿಸ್ಟ್_ಫ್ರೀ_ಫುಲ್ ಜೊತೆ ಜಿ_ಆಬ್ಜೆಕ್ಟ್_ಅನ್‌ರೆಫ್ ಕೊಟ್ಟರೆ ಲೆಕ್ಕ ಇಳಿಯುತ್ತದೆ. ಕೊನೆಯವರು ಬಿಟ್ಟಾಗ ವಸ್ತು ಹೋಗುತ್ತದೆ. ಲಿಸ್ಟ್ ಮೇಲೆ ಲೂಪ್ ನಡೆಯುತ್ತಿರುವಾಗ ಒಳಗೆ ಕರೆದ ಕಾಲ್‌ಬ್ಯಾಕ್ ಅದೇ ಲಿಸ್ಟಿನಿಂದ ವಸ್ತುವೊಂದನ್ನು ಕಿತ್ತುಹಾಕುವ ಸಂಭವವಿದ್ದರೆ ಇದೇ ಸುರಕ್ಷಿತ ಉಪಾಯ. ಬರೀ ನೋಡ್‌ಗಳ ಕಾಪಿ ಸಾಲದು, ಏಕೆಂದರೆ ನೋಡ್ ಉಳಿದರೂ ವಸ್ತು ಉಳಿದಿರುವುದಿಲ್ಲ.

ಈ ಉಪಾಯಗಳು ಬೆರೆತು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಬೇಕಾದರೆ ಪ್ಯಾಂಗೋ ಲೈಬ್ರರಿಯ ಕೋಡ್ ತೆರೆಯಿರಿ. ಗ್ನೋಮ್‌ನಲ್ಲಿ ಪರದೆಯ ಮೇಲೆ ಕನ್ನಡ ಮೂಡುವುದು ಇದರ ಮೂಲಕ. ಕನ್ನಡದ ಮಧ್ಯೆ ಇಂಗ್ಲಿಷ್ ಪದವೊಂದು ಇಂಗ್ಲಿಷ್ ಲಿಪಿಯಲ್ಲೇ ಬಂದ ಸಾಲನ್ನು ಪ್ಯಾಂಗೋ_ಐಟಮೈಸ್‌ಗೆ ಕೊಟ್ಟರೆ ಅದು ಸಾಲನ್ನು ಲಿಪಿಗೆ ತಕ್ಕಂತೆ ಒಡೆಯುತ್ತದೆ: ಕನ್ನಡ, ಇಂಗ್ಲಿಷ್, ಮತ್ತೆ ಕನ್ನಡ, ಹೀಗೆ ಕಡಿಮೆಯೆಂದರೂ ಮೂರು ತುಂಡು. ಆ ತುಂಡುಗಳನ್ನು ಒಂದು ಜಿಲಿಸ್ಟ್ ಆಗಿ ನಿಮ್ಮ ಕೈಗಿಡುತ್ತದೆ. ಲಿಸ್ಟೂ ನಿಮ್ಮದು, ತುಂಡುಗಳೂ ನಿಮ್ಮವು. ಮುಗಿದ ಮೇಲೆ ಜಿ_ಲಿಸ್ಟ್_ಫ್ರೀ_ಫುಲ್ ಜೊತೆ ಪ್ಯಾಂಗೋ_ಐಟಮ್_ಫ್ರೀ ಕೊಟ್ಟು ನೀವೇ ಬಿಡಬೇಕು. ಒಂದು ತುಂಡನ್ನು ಎರಡು ಮಾಡಲು ಪ್ಯಾಂಗೋ_ಐಟಮ್_ಕಾಪಿ ಇದೆ. ಅದರ ಒಳಹೊಕ್ಕು ನೋಡಿ: ಫಾಂಟ್ ದೊಡ್ಡ ವಸ್ತು, ಬದಲಾಗದ್ದು, ಅದನ್ನು ಎರಡು ಮಾಡದೆ ರೆಫರೆನ್ಸ್ ಮಾತ್ರ ಏರಿಸುತ್ತದೆ. ಹೆಚ್ಚುವರಿ ಅಟ್ರಿಬ್ಯೂಟ್‌ಗಳು ಒಳಗೊಂದು ಲಿಸ್ಟ್‌ನಲ್ಲಿವೆ. ಅವನ್ನು ಒಂದೊಂದಾಗಿ ಕಾಪಿ ಮಾಡಿ ಹೊಸ ಲಿಸ್ಟ್ ಕಟ್ಟುತ್ತದೆ. ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಪ್ರತ್ಯೇಕಿಸಬೇಕು ಎಂದು ಒಂದೊಂದು ಫೀಲ್ಡಿಗೂ ಯಾರೋ ಕೂತು ಯೋಚಿಸಿದ್ದಾರೆ. ನಿಮ್ಮ ಕಾಪಿ ಫಂಕ್ಷನ್ನಿನಲ್ಲೂ ಆ ಯೋಚನೆ ಕಾಣಬೇಕು.

ಬೇರೆಯವರ ಫಂಕ್ಷನ್ ನಿಮಗೊಂದು ಲಿಸ್ಟ್ ಕೊಟ್ಟಾಗ ಊಹೆಯ ಮೇಲೆ ಹೋಗಬೇಡಿ. ಜಿಲಿಬ್ ಮತ್ತು ಅದರ ಬಳಗದ ಡಾಕ್ಯುಮೆಂಟೇಶನ್‌ನಲ್ಲಿ ಪ್ರತಿ ಫಂಕ್ಷನ್ ಹಿಂತಿರುಗಿಸುವುದರ ಹೊಣೆ ಯಾರದೆಂದು ಬರೆದಿರುತ್ತದೆ. ಟ್ರಾನ್ಸ್‌ಫರ್ ನನ್ ಎಂದಿದ್ದರೆ ಯಾವುದೂ ನಿಮ್ಮದಲ್ಲ, ನೋಡಿ ಬಿಡಿ. ಟ್ರಾನ್ಸ್‌ಫರ್ ಕಂಟೈನರ್ ಎಂದಿದ್ದರೆ ನೋಡ್‌ಗಳು ನಿಮ್ಮವು, ಒಳಗಿನ ಡೇಟಾ ಅಲ್ಲ. ಟ್ರಾನ್ಸ್‌ಫರ್ ಫುಲ್ ಎಂದಿದ್ದರೆ ಎರಡೂ ನಿಮ್ಮವು. ಜಿ_ಹ್ಯಾಶ್_ಟೇಬಲ್_ಗೆಟ್_ಕೀಸ್ ಎರಡನೆಯ ಜಾತಿ: ಲಿಸ್ಟನ್ನು ಜಿ_ಲಿಸ್ಟ್_ಫ್ರೀಯಿಂದ ಬಿಡಬೇಕು, ಕೀಗಳನ್ನು ಮುಟ್ಟಬಾರದು, ಅವು ಹ್ಯಾಶ್ ಟೇಬಲ್‌ನ ಸ್ವತ್ತು. ಟೇಬಲ್ ಹೋದ ಮೇಲೂ ಕೀಗಳು ಬೇಕಿದ್ದರೆ ಈಗಲೇ ಡೀಪ್ ಕಾಪಿ ಮಾಡಿಟ್ಟುಕೊಳ್ಳಿ. ಯಂತ್ರದಲ್ಲಿರುವ ಅಪ್ಲಿಕೇಶನ್‌ಗಳ ಪಟ್ಟಿ ಕೊಡುವ ಜಿ_ಆಪ್_ಇನ್ಫೋ_ಗೆಟ್_ಆಲ್ ಮೂರನೆಯ ಜಾತಿ: ಪ್ರತಿ ವಸ್ತುವನ್ನೂ ಅನ್‌ರೆಫ್ ಮಾಡಬೇಕು, ಲಿಸ್ಟನ್ನೂ ಬಿಡಬೇಕು. ಎರಡರ ರಿಟರ್ನ್ ಟೈಪೂ ಒಂದೇ, ಜಿಲಿಸ್ಟ್ ಪಾಯಿಂಟರ್. ಕಂಪೈಲರ್‌ಗೆ ವ್ಯತ್ಯಾಸ ತಿಳಿಯದು. ಓದಿದವರಿಗೆ ಮಾತ್ರ ತಿಳಿಯುತ್ತದೆ.

ಕೆಲವು ಸಣ್ಣ ಅಭ್ಯಾಸಗಳನ್ನೂ ಹೇಳಿಬಿಡುತ್ತೇನೆ. ಲಿಸ್ಟ್‌ನ ತಲೆಯ ಪಾಯಿಂಟರ್ ಕೈತಪ್ಪಬಾರದು. ಲೂಪ್‌ಗೆ ಬೇರೆಯೇ ವೇರಿಯಬಲ್ ಇಟ್ಟುಕೊಳ್ಳಿ. ಅಪೆಂಡ್, ಪ್ರಿಪೆಂಡ್, ರಿಮೂವ್, ಸಾರ್ಟ್ ಮಾಡಿದಾಗ ತಲೆ ಬದಲಾಗಬಹುದು, ಆದ್ದರಿಂದ ಹಿಂತಿರುಗಿ ಬಂದದ್ದನ್ನು ತಪ್ಪದೆ ಅದೇ ವೇರಿಯಬಲ್‌ಗೆ ಹಾಕಿಕೊಳ್ಳಿ. ಜಿ_ಲಿಸ್ಟ್_ರಿಮೂವ್ ನೋಡನ್ನು ಮಾತ್ರ ಫ್ರೀ ಮಾಡುತ್ತದೆ, ಡೇಟಾ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಜಿ_ಲಿಸ್ಟ್_ರಿಮೂವ್_ಲಿಂಕ್ ಅದನ್ನೂ ಮಾಡುವುದಿಲ್ಲ, ನೋಡನ್ನು ಬಿಡಿಸಿ ಪಕ್ಕಕ್ಕಿಡುತ್ತದೆ ಅಷ್ಟೇ. ಓಡುವ ಲೂಪ್‌ನಲ್ಲಿ ನೋಡ್ ಅಳಿಸಬೇಕಿದ್ದರೆ ನೆಕ್ಸ್ಟ್ ಪಾಯಿಂಟರನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಉದ್ದದ ಲಿಸ್ಟನ್ನು ನೀವೇ ಕಟ್ಟುವುದಾದರೆ ಲೂಪ್‌ನಲ್ಲಿ ಅಪೆಂಡ್ ಮಾಡಬೇಡಿ. ಪ್ರತಿ ಸಲ ಅದು ಕೊನೆಯವರೆಗೆ ನಡೆದುಹೋಗುತ್ತದೆ. ಹತ್ತು ಸಾವಿರ ಸೇರಿಸುವಷ್ಟರಲ್ಲಿ ಸುಮಾರು ಐದು ಕೋಟಿ ಹೆಜ್ಜೆ. ಪ್ರಿಪೆಂಡ್ ಮಾಡಿ ಕೊನೆಗೊಮ್ಮೆ ಜಿ_ಲಿಸ್ಟ್_ರಿವರ್ಸ್ ಮಾಡಿ. ಬಿಟ್ಟ ಮೇಲೆ ಪಾಯಿಂಟರ್‌ನಲ್ಲಿ ಹಳೆಯ ವಿಳಾಸ ಉಳಿಯದಿರಲಿ; 2.64ರಿಂದ ಇರುವ ಜಿ_ಕ್ಲಿಯರ್_ಲಿಸ್ಟ್ ಫ್ರೀ ಮಾಡುವುದರ ಜೊತೆಗೆ ಪಾಯಿಂಟರನ್ನು ನಲ್ ಮಾಡಿಯೂ ಕೊಡುತ್ತದೆ.

ಮಧ್ಯದಲ್ಲಿ ಸೇರಿಸುವುದು, ತೆಗೆಯುವುದು ಹೆಚ್ಚಾಗಿ ಇಲ್ಲದಿದ್ದರೆ ಲಿಸ್ಟ್ ಬದಲು ಪಾಯಿಂಟರ್‌ಗಳ ಅರೇಯಾದ ಜಿಪಿಟಿಆರ್‌ಅರೇ ಒಳ್ಳೆಯದು. ಅದನ್ನು ಸೃಷ್ಟಿಸುವಾಗಲೇ ಫ್ರೀ ಫಂಕ್ಷನ್ ಕೊಟ್ಟಿಡಬಹುದು. ಹೊಣೆ ಯಾರದೆಂಬುದು ಆ ಅರೇಯೊಳಗೇ ದಾಖಲಾಗಿರುತ್ತದೆ. ಆದರೆ ಕಾಪಿಯ ಹೊತ್ತಿಗೆ ಇಲ್ಲೂ ಎಚ್ಚರ ಬೇಕು. 2.62ರಿಂದ ಇರುವ ಜಿ_ಪಿಟಿಆರ್_ಅರೇ_ಕಾಪಿಗೆ ಕಾಪಿ ಫಂಕ್ಷನ್ ಜಾಗದಲ್ಲಿ ನಲ್ ಕೊಟ್ಟರೆ ಪಾಯಿಂಟರ್‌ಗಳು ಮಾತ್ರ ನಕಲಾಗುತ್ತವೆ, ಆದರೆ ಫ್ರೀ ಫಂಕ್ಷನ್ ಹೊಸ ಅರೇಗೂ ಬಂದುಬಿಡುತ್ತದೆ. ಈಗ ಎರಡೂ ಅರೇಗಳು ಅದೇ ಡೇಟಾ ತಮ್ಮದೆಂದು ಹೊರಡುತ್ತವೆ. ಫ್ರೀ ಫಂಕ್ಷನ್ ಇರುವ ಅರೇಯನ್ನು ಕಾಪಿ ಮಾಡುವಾಗ ಕಾಪಿ ಫಂಕ್ಷನ್ ಕೊಡದೆ ಇರಬೇಡಿ.

ಜಿಸಿಸಿ ಅಥವಾ ಕ್ಲ್ಯಾಂಗ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ಜಿ_ಆಟೋಪಿಟಿಆರ್, ಜಿ_ಆಟೋಲಿಸ್ಟ್ ಎಂದು ವೇರಿಯಬಲ್ ಘೋಷಿಸಿದರೆ ಆ ಸ್ಕೋಪ್‌ನಿಂದ ಹೊರಬರುವಾಗ ತಾನಾಗಿಯೇ ಫ್ರೀ ಆಗುತ್ತದೆ. ಇವೆರಡನ್ನೂ ಒಂದೇ ಎಂದುಕೊಳ್ಳಬೇಡಿ. ಜಿಲಿಸ್ಟ್‌ಗೆ ಜಿ_ಆಟೋಪಿಟಿಆರ್ ಹಾಕಿದರೆ ನೋಡ್‌ಗಳು ಮಾತ್ರ ಹೋಗುತ್ತವೆ. ಜಿ_ಆಟೋಲಿಸ್ಟ್ ಹಾಕಿದರೆ ಒಳಗಿನ ವಸ್ತುಗಳೂ ಹೋಗುತ್ತವೆ. ಲಿಸ್ಟನ್ನು ಹೊರಗೆ ಕೊಡಬೇಕಾದಾಗ ಜಿ_ಸ್ಟೀಲ್_ಪಾಯಿಂಟರ್ ಮೂಲಕ ಕೊಡಿ. ಹೊಣೆ ಇಲ್ಲಿಂದ ಅಲ್ಲಿಗೆ ದಾಟಿತು ಎಂಬುದು ಆ ಸಾಲಿನಲ್ಲೇ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಯಂತ್ರದ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಿ. ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್‌ನ ವರದಿಯನ್ನು ಓದಲು ಕಲಿತರೆ ಅದು ತಪ್ಪಿನ ಜಾತಿಯನ್ನೂ ಹೇಳುತ್ತದೆ. ನಮ್ಮ ಮೂರು ಊರುಗಳ ಲಿಸ್ಟನ್ನೇ ತೆಗೆದುಕೊಳ್ಳಿ. ನೋಡ್‌ಗಳನ್ನು ಬಿಟ್ಟು ಹೆಸರುಗಳನ್ನು ಮರೆತಿದ್ದರೆ 3 ಬ್ಲಾಕ್‌ಗಳಲ್ಲಿ 48 ಬೈಟ್ ಡೆಫಿನೆಟ್ಲಿ ಲಾಸ್ಟ್ ಎಂದು ಬರುತ್ತದೆ. ಲಿಸ್ಟನ್ನೇ ಇಡಿಯಾಗಿ ಮರೆತಿದ್ದರೆ ಒಂದು ನೋಡ್‌ನ 24 ಬೈಟ್ ಡೆಫಿನೆಟ್ಲಿ ಲಾಸ್ಟ್, ಉಳಿದ ಎರಡು ನೋಡ್ ಮತ್ತು ಮೂರು ಹೆಸರು ಸೇರಿ 5 ಬ್ಲಾಕ್‌ಗಳಲ್ಲಿ 96 ಬೈಟ್ ಇನ್‌ಡೈರೆಕ್ಟ್ಲಿ ಲಾಸ್ಟ್. ಮೊದಲನೆಯದಕ್ಕೆ ಫ್ರೀ ಬದಲು ಫ್ರೀ_ಫುಲ್ ಹಾಕಬೇಕು. ಎರಡನೆಯದಕ್ಕೆ ಫ್ರೀ_ಫುಲ್ ಕರೆಯೇ ಇಲ್ಲ, ಅದನ್ನು ಸೇರಿಸಬೇಕು. 2.76ಕ್ಕಿಂತ ಹಳೆಯ ಜಿಲಿಬ್ ಆದರೆ ಜಿ_ಸ್ಲೈಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಆಲ್ವೇಸ್-ಮ್ಯಾಲಕ್ ಎಂದು ಕೊಟ್ಟು ಓಡಿಸಿ. ಇಲ್ಲದಿದ್ದರೆ ನೋಡ್‌ಗಳ ಲೆಕ್ಕ ಸರಿಯಾಗಿ ಸಿಗದಿರಬಹುದು. ಎರಡು ಸಲ ಫ್ರೀ ಮಾಡಿದ್ದನ್ನು, ಸತ್ತ ವಿಳಾಸ ಓದಿದ್ದನ್ನು ಹಿಡಿಯಲು ಕಂಪೈಲರ್ ಜೊತೆಗೇ ಬರುವ ಅಡ್ರೆಸ್ ಸ್ಯಾನಿಟೈಸರ್ ಇದೆ. ಮೆಮೊರಿ ಎಲ್ಲಿ ಹುಟ್ಟಿತು, ಎಲ್ಲಿ ಫ್ರೀ ಆಯಿತು, ಆಮೇಲೆ ಎಲ್ಲಿ ಮುಟ್ಟಿದಿರಿ ಎಂದು ಮೂರೂ ಜಾಗ ತೋರಿಸುತ್ತದೆ. ಟೆಸ್ಟ್‌ಗಳನ್ನು ದಿನವೂ ಅದರ ಜೊತೆಯಲ್ಲೇ ಓಡಿಸಿ.

ಉಪಕರಣಗಳಿಗೆ ಒಂದು ಮಿತಿಯಿದೆ. ಓಡಿದ ದಾರಿಯಲ್ಲಿನ ತಪ್ಪು ಮಾತ್ರ ಅವುಗಳಿಗೆ ಕಾಣುವುದು. ವರ್ಷಕ್ಕೊಮ್ಮೆ ನಡೆಯುವ ಎರರ್ ದಾರಿಯಲ್ಲಿ ನೀವು ಬರೆದಿಟ್ಟ ತಪ್ಪನ್ನು ನಿಮ್ಮ ವಿವೇಕವೇ ಹಿಡಿಯಬೇಕು. ಅದಕ್ಕೇ ಹೇಳುತ್ತೇನೆ, ಲಿಸ್ಟ್ ತೆಗೆದುಕೊಳ್ಳುವ ಅಥವಾ ಕೊಡುವ ಯಾವ ಫಂಕ್ಷನ್ ಬರೆದರೂ ಅದರ ನೆತ್ತಿಯ ಮೇಲೆ ಎರಡು ಸಂಗತಿ ಬರೆಯಿರಿ: ನೋಡ್‌ಗಳನ್ನು ಯಾರು ಫ್ರೀ ಮಾಡಬೇಕು, ಡೇಟಾವನ್ನು ಯಾರು ಫ್ರೀ ಮಾಡಬೇಕು. ಈ ಎರಡಕ್ಕೆ ಉತ್ತರ ಬರೆಯಲು ಆಗದಿದ್ದರೆ ಕಾಪಿ ಮಾಡುವ ಸಾಲನ್ನು ಇನ್ನೂ ಬರೆಯಬೇಡಿ. ನಿಮ್ಮ ಕೋಡ್ ನಿಮಗಿಂತ ಹೆಚ್ಚು ಕಾಲ ಆ ತಂಡದಲ್ಲಿ ಉಳಿಯುತ್ತದೆ. ನಾಳೆ ಅದನ್ನು ತಿದ್ದಲು ಕೂರುವವರು ನಿಮ್ಮನ್ನು ಕೇಳಲಾರರು, ಫಂಕ್ಷನ್ನಿನ ನೆತ್ತಿಯ ಮೇಲೆ ನೀವು ಬರೆದಿಟ್ಟ ಆ ಮಾತನ್ನು ಕೇಳುತ್ತಾರೆ. ಅವರಿಗಾಗಿ ಅದನ್ನು ಇವತ್ತೇ ಬರೆದಿಡಿ.